ಮನೆಯ ವೈಫೈಗೆ ಯಾವ ಫೈರ್‌ವಾಲ್ ಬೇಕು?

ಬೇಸಿಗೆ ಬರೋ ಮುಂಚೆ ಅರಣ್ಯ ಇಲಾಖೆಯವರು ಕಾಡಿನಲ್ಲಿ ಬೆಂಕಿ ರೇಖೆ ಮಾಡುವುದನ್ನು ನಾಟ್ರಾಂಪಾಳ್ಯದ ಕಡೆಯ ಮಕ್ಕಳಾದ ನೀವು ನೋಡಿರಬಹುದು. ಒಣಹುಲ್ಲು, ತರಗೆಲೆ ತೆಗೆದು ಉದ್ದಕ್ಕೂ ಬರೀ ನೆಲ ಬಿಟ್ಟರೆ ಬೆಂಕಿ ಆಚೆ ದಾಟೋದಿಲ್ಲ. ಇದೇ ಕೆಲಸಕ್ಕೆ ಕಟ್ಟಡಗಳ ನಡುವೆ ಕಟ್ಟುವ ಗೋಡೆಯೇ ಫೈರ್‌ವಾಲ್. ಕಂಪ್ಯೂಟರಿನವರು ಆ ಹೆಸರನ್ನು ಎರವಲು ಪಡೆದರು. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತೆ ಅನ್ನಿ. ಗೋಡೆ ಎಲ್ಲವನ್ನೂ ತಡೆಯುತ್ತೆ. ಈ ಫೈರ್‌ವಾಲ್ ನೋಡಿ, ಆರಿಸಿ ಬಿಡುತ್ತೆ.

ಹೇಗೆ ಆರಿಸುತ್ತೆ? ಇಂಟರ್ನೆಟ್ಟಿನಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಓಡಾಡುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾವ ಪೋರ್ಟಿಗೆ ಎಂಬುದು ಅಂಚೆ ಕವರಿನ ವಿಳಾಸದ ಹಾಗೆ ಅದರ ಮೇಲಿರುತ್ತದೆ. ಪೋರ್ಟ್ ಅಂದರೆ ಬಾಗಿಲಿನ ನಂಬರು, 65,535ರವರೆಗೆ ಇವೆ. ವೆಬ್‌ಸೈಟುಗಳು ಹೆಚ್ಚಾಗಿ 443 ಬಳಸುತ್ತವೆ. ನಿಮ್ಮ ಮೊಬೈಲು ಒಂದು ಪಾಠದ ವಿಡಿಯೋ ಕೇಳಿದಾಗ ರೂಟರ್ ಅದನ್ನು ಪಟ್ಟಿಯಲ್ಲಿ ಬರೆದುಕೊಳ್ಳುತ್ತೆ. ಉತ್ತರ ಬಂದಾಗ ಪಟ್ಟಿ ನೋಡುತ್ತೆ: ಒಳಗಿನವರು ಇದನ್ನು ಕೇಳಿದ್ದರಾ? ಕೇಳಿದ್ದರೆ ಒಳಗೆ ಬಿಡುತ್ತೆ. ಕರೆಯದೆ ಬಂದದ್ದನ್ನು ಹೊರಗೇ ಬಿಸಾಡುತ್ತೆ.

ಕರೆಯದೆ ಯಾರು ಬರ್ತಾರೆ ಅಂತೀರಾ? 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಲಕ್ಷಾಂತರ ಮನೆ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡಿತು. ಅದಕ್ಕೆ ದೊಡ್ಡ ಜಾಣತನವೇನೂ ಬೇಕಾಗಲಿಲ್ಲ. ತೆರೆದಿದ್ದ 23ನೇ ಪೋರ್ಟನ್ನು ತಟ್ಟಿ, ಕಾರ್ಖಾನೆಯಲ್ಲಿ ಇಟ್ಟಿರುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸುತ್ತಿತ್ತು, ಅಷ್ಟೇ. ಅಕ್ಟೋಬರ್ 21ರಂದು ಅಂಥ ಉಪಕರಣಗಳೆಲ್ಲ ಒಟ್ಟಿಗೆ ನುಗ್ಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಬಹಳ ಜನರಿಗೆ ಸಿಗದೆ ಹೋದವು. ಕ್ಯಾಮೆರಾ ಇಟ್ಟುಕೊಂಡಿದ್ದ ಮನೆಯವರಿಗೆ ಇದರ ಸುಳಿವೂ ಇರಲಿಲ್ಲ.

ಹಾಗಾದರೆ ಯಾವ ಫೈರ್‌ವಾಲ್ ಕೊಳ್ಳೋದು? ನನ್ನ ಕೇಳಿದರೆ, ಮನೆಗೆ ಬೇರೆ ಕೊಳ್ಳೋದೇ ಬೇಡ. ಸಾಮಾನ್ಯವಾಗಿ ರೂಟರಿನಲ್ಲೇ ಒಂದು ಇರುತ್ತದೆ. ವಿಂಡೋಸ್‌ನಲ್ಲಿ ಇನ್ನೊಂದು ಇದೆ. 2004ರಿಂದ ಅದು ತಾನಾಗಿಯೇ ಆನ್ ಆಗಿರುತ್ತದೆ. ಎರಡೂ ಬೇಕು. ಯಾಕೆ ಅಂದರೆ, ವೈರಸ್ ಇರುವ ಲ್ಯಾಪ್‌ಟಾಪ್ ಹಿಡಿದು ನೆಂಟರು ಬಂದು ನಿಮ್ಮ ವೈಫೈಗೆ ಸೇರಿದರೆ ಅದು ಆಗಲೇ ರೂಟರಿನ ಒಳಗಿದೆ. ಆಗ ಕಾಯೋದು ನಿಮ್ಮ ಕಂಪ್ಯೂಟರಿನದೇ ಫೈರ್‌ವಾಲ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು 445ನೇ ಪೋರ್ಟಿನ ಮೂಲಕ. ಖರ್ಚು ಮಾಡೋ ಹಾಗಿದ್ದರೆ, ಕಂಪನಿ ಇನ್ನೂ ಅಪ್‌ಡೇಟ್ ಕೊಡುತ್ತಿರುವ ರೂಟರಿಗೆ ಮಾಡಿ.

ಅಪ್ಪ ಅಮ್ಮನಿಗೆ ಹೇಳಿ, ಅವರ ಜೊತೆ ಕೂತು ರೂಟರನ್ನು ತಿರುಗಿಸಿ ನೋಡಿ. ಕೆಳಗಿನ ಚೀಟಿಯಲ್ಲಿ 192.168.1.1ರಂಥ ವಿಳಾಸ ಇರುತ್ತದೆ. ಬ್ರೌಸರಿನಲ್ಲಿ ಅದನ್ನು ತೆರೆದು ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಫೈರ್‌ವಾಲ್ ಆನ್ ಇದೆಯಾ ನೋಡಿ, ಐಪಿವಿ6ಗೂ. ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಯುಪಿಎನ್‌ಪಿ ಎಂಬುದು ನಿಮ್ಮನ್ನು ಕೇಳದೆ ಬಾಗಿಲು ತೆಗೆಯುತ್ತೆ. ಅದನ್ನೂ ಆಫ್ ಮಾಡಿ. ಯಾವುದಾದರೂ ಆಟ ನಿಂತುಹೋದರೆ ಆಮೇಲೆ ಯೋಚಿಸೋಣ. ಉಳಿದದ್ದನ್ನು ಮುಟ್ಟಬೇಡಿ, ನೆಟ್ಟೇ ಹೋದೀತು.

ಇಷ್ಟಾದರೂ ಒಂದು ದಾರಿ ಉಳಿಯುತ್ತೆ. ಬಹುಮಾನ ಬಂದಿದೆ ಅಂತ ವಾಟ್ಸಾಪಿಗೆ ಬಂದ ಲಿಂಕನ್ನು ನೀವು ಒತ್ತಿದರೆ, ಅದು ನೀವೇ ಕೇಳಿದ್ದು ಅಂತ ರೂಟರಿನ ಪಟ್ಟಿಗೆ ಸೇರುತ್ತೆ. ಫೈರ್‌ವಾಲ್ ಮರ್ಯಾದೆಯಿಂದ ಒಳಗೆ ಬಿಡುತ್ತೆ. ಹಾಗೆ ಮನೆಯವರ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸಿ.