ಅಳಿಯನಿಗೆ ಕೊಟ್ಟ ರಾಡೋ, ನಲವತ್ತು ದಿನಕ್ಕೆ ಕೈ ಕೊಟ್ಟಿತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕಿನ ಯಾವುದೇ ಮದುವೆ ಮಾತುಕತೆಗೆ ಹೋಗಿ ಕೂತು ನೋಡಿ. ಉಂಗುರ ಆಯ್ತು, ಸೂಟು ಆಯ್ತು, ಛತ್ರದ ಬಾಡಿಗೆ ಯಾರದ್ದು ಅನ್ನೋ ಜಗಳವೂ ಆಯ್ತು. ಎಲ್ಲ ಮುಗಿದು ಎಲೆ ಅಡಿಕೆ ತಟ್ಟೆ ಎತ್ತುವ ಹೊತ್ತಿಗೆ ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಒಂದೇ ಮಾತು ಕೇಳುತ್ತಾರೆ: "ಮತ್ತೆ, ವಾಚು?"

ವರದಕ್ಷಿಣೆ ಕೂಡದು ಅಂತ 1961ರಲ್ಲೇ ಕಾನೂನು ಬಂತು. ಬೆಂಗಳೂರಿನಲ್ಲಿ ಎಚ್‌ಎಂಟಿಯವರು ವಾಚಿನ ಕೆಲಸಕ್ಕೆ ಕೈ ಹಾಕಿದ್ದೂ ಅದೇ ವರ್ಷ. ಎರಡರಲ್ಲಿ ಯಾವುದು ನಮ್ಮ ಹಳ್ಳಿಗಳಿಗೆ ಬೇಗ ತಲುಪಿತು ಅನ್ನುವುದನ್ನು ಓದುಗರೇ ಹೇಳಲಿ.

ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲೂ ಈ ಪ್ರಶ್ನೆ ಬಂತು. ಅವರ ಊರು ಕೊರಟಗೆರೆ ಕಡೆ, ಬೀಗರು ಶಿರಾದವರು. ಹುಡುಗನ ಮಾವಂದಿರಲ್ಲಿ ಒಬ್ಬರು ಯಾವಾಗಲೋ ಗಲ್ಫಿಗೆ ಹೋಗಿ ಬಂದವರಂತೆ. ಅವರ ಬಾಯಿಂದಲೇ ರಾಡೋ ಅನ್ನುವ ಹೆಸರು ಉದುರಿತು. ಚಿಕ್ಕಪ್ಪ ನನ್ನ ಕಡೆ ನೋಡಿದರು. ಪೇಪರಿನವನು, ನಾಲ್ಕೂರು ತಿರುಗುವವನು, ಇವನಿಗೆ ಗೊತ್ತಿರುತ್ತೆ ಅಂತ. ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಹತ್ತು ಸಾವಿರ ಎಣಿಸಿ ನನ್ನ ಜೇಬಿಗಿಟ್ಟರು.

ನನಗೇನು ಗೊತ್ತಿತ್ತು? ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ನನಗೆ ಗೊತ್ತಿದ್ದದ್ದು ಬಸ್ಸಿನ ಟೈಮು ಮಾತ್ರ.

ಬೆಂಗಳೂರಿನ ಒಂದು ಗಲ್ಲಿ. ಅಂಗಡಿಯ ಹೆಸರು ಬೇಡ. ಗಾಜಿನ ಪೆಟ್ಟಿಗೆಯ ಕೆಳಗಿನಿಂದ ಒಂದು ಬಟ್ಟೆ ಗಂಟು ತೆಗೆದ ಆಸಾಮಿ. "ದುಬೈ ಮಾಲು ಸಾರ್. ಶೋರೂಮಲ್ಲಿ ಎಪ್ಪತ್ತು ಸಾವಿರ. ಕಸ್ಟಮ್ಸ್ ಕಟ್ಟಿಲ್ಲ, ಬಿಲ್ಲಿಲ್ಲ, ಅದಕ್ಕೇ ಈ ರೇಟು" ಅಂದ. ಹಳದಿ ಚಿನ್ನದ ಬಣ್ಣ, ಮುಖದ ಮೇಲೆ ಪುಟ್ಟ ಲಂಗರು. ವಾಚು ಅಲ್ಲಾಡಿಸಿ ತೋರಿಸಿದ. ಲಂಗರು ತಿರುಗಿತು! "ಡೂಪ್ಲಿಕೇಟಾದರೆ ತಿರುಗಲ್ಲ ಸಾರ್" ಅಂದ. 9,500ಕ್ಕೆ ಮುಗಿಸಿದೆ. ಉಳಿದ ಐನೂರರಲ್ಲಿ ಊಟ ಮಾಡಿ, ದೊಡ್ಡ ವ್ಯಾಪಾರ ಮಾಡಿದವನ ಹಾಗೆ ತುಮಕೂರು ಬಸ್ಸು ಹತ್ತಿದೆ.

ನಲವತ್ತು ದಿನಕ್ಕೆ ವಾಚು ನಿಂತಿತು. ಅಷ್ಟರಲ್ಲಿ ಪಟ್ಟಿಯ ಅಂಚಿನಲ್ಲಿ ಹಳದಿ ಹೋಗಿ ಬಿಳಿ ಇಣುಕುತ್ತಿತ್ತು. ಅಳಿಯ ಶಿರಾದಲ್ಲೇ ಒಬ್ಬ ರಿಪೇರಿಯವರ ಹತ್ತಿರ ಕೊಟ್ಟ. ಅವರು ಹಿಂಬದಿ ಬಿಚ್ಚಿದರು, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದಿಟ್ಟರು, "ಎಷ್ಟು ಕೊಟ್ರಿ?" ಅಂತ ಕೇಳಿದರು. ಆ ಪ್ರಶ್ನೆಯಲ್ಲೇ ಉತ್ತರ ಇತ್ತು. ಶಿರಾದ ಮಾತು ಕೊರಟಗೆರೆಗೆ ಬರಲು ಬಸ್ಸೂ ಬೇಕಾಗಲಿಲ್ಲ. "ಹೆಣ್ಣಿನ ಕಡೆಯವರು ಡೂಪ್ಲಿಕೇಟ್ ಕೊಟ್ಟರು" ಅಂತ ಆಯಿತೇ ಹೊರತು, ಪೇಪರಿನವನು ಟೋಪಿ ಹಾಕಿಸಿಕೊಂಡ ಅಂತ ಯಾರೂ ಹೇಳಲಿಲ್ಲ. ಚಿಕ್ಕಪ್ಪನ ಮಗಳು ಮೂರು ತಿಂಗಳು ಆ ಮಾತು ಕೇಳಿದಳು.

ಆಮೇಲೆ ನನಗೆ ವಾಚಿನ ಹುಚ್ಚು ಹಿಡಿಯಿತು. ಮಧುಗಿರಿಯಲ್ಲಿ ನನಗೆ ಪರಿಚಯದ ಒಬ್ಬ ರಿಪೇರಿ ಯಜಮಾನರಿದ್ದಾರೆ. ಅಂಗಡಿ ಅಂದರೆ ಒಂದು ಮೇಜು, ಒಂದು ಬಲ್ಬು, ಗೋಡೆಯ ಮೇಲೆ ಹತ್ತು ಗಡಿಯಾರ, ಹತ್ತೂ ಬೇರೆ ಬೇರೆ ಟೈಮು. ಅವರ ಮುಂದೆ ಆ ರಾಡೋ ಇಟ್ಟು, ಹೇಗೆ ಕಂಡುಹಿಡಿಯೋದು ಹೇಳಿ ಅಂತ ಕೂತೆ.

ರಾಡೋ ಸ್ವಿಟ್ಜರ್ಲೆಂಡಿನದು. 1962ರಲ್ಲಿ ಡಯಾಸ್ಟಾರ್ ಅಂತ ಒಂದು ವಾಚು ತಂದರು. ಅದರ ಕೇಸು ಟಂಗ್‌ಸ್ಟನ್ ಕಾರ್ಬೈಡ್, ಅಂದರೆ ಕಾರ್ಖಾನೆಯಲ್ಲಿ ಲೋಹ ಕೊರೆಯುವ ಉಳಿಗೆ ಹಾಕುವ ಗಟ್ಟಿ ಪದಾರ್ಥ. ಗಾಜು ಸಫೈರಿನದು. ಗೀರು ಬೀಳದ ವಾಚು ಅಂತ ಹೆಸರಾದದ್ದು ಅದರಿಂದ. ಯಜಮಾನರು ನನ್ನ ವಾಚಿನ ಅಂಚಿಗೆ ಬ್ಲೇಡಿನ ಮೂಲೆ ತಾಗಿಸಿದರು. ಕರ್ ಅಂತ ಗೀರು ಬಿತ್ತು, ಒಳಗೆ ಹಿತ್ತಾಳೆ ಕಂಡಿತು. (ಅಂಗಡಿಯಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ, ಒದೆ ಬೀಳುತ್ತೆ. ರಾಡೋದಲ್ಲಿ ಸ್ಟೀಲಿನ ಮಾಡೆಲ್ಲುಗಳೂ ಇವೆ, ಅವಕ್ಕೆ ಗೀರು ಬಿದ್ದೇ ಬೀಳುತ್ತೆ.) ಲಂಗರಿನ ವಿಷಯ ಕೇಳಿದೆ. ಅಸಲಿ ಆಟೋಮ್ಯಾಟಿಕ್ ರಾಡೋದಲ್ಲಿ ಲಂಗರು ತಿರುಗುವುದು ನಿಜ. "ಅದು ನಿಮಗೆ ಗೊತ್ತು ಅಂದಮೇಲೆ ನಕಲಿ ಮಾಡೋನಿಗೆ ಗೊತ್ತಿರಲ್ವೇನ್ರೀ?" ಅಂದರು ಯಜಮಾನರು.

ಇದೊಂದು ಮಾತು ಬರೆದಿಟ್ಟುಕೊಳ್ಳಿ. ಜನ ಹೇಳುವ ಗುರುತುಗಳೆಲ್ಲ ಹೀಗೇ. ರೋಲೆಕ್ಸಿನ ಸೆಕೆಂಡು ಮುಳ್ಳು ಟಕ್ ಟಕ್ ಅನ್ನದೆ ಜಾರಿದ ಹಾಗೆ ಹೋಗುತ್ತೆ ಅಂತಾರೆ. ಹೌದು, ಈಗಿನ ರೋಲೆಕ್ಸಿನೊಳಗಿನ ಚಕ್ರ ಗಂಟೆಗೆ 28,800 ಸಲ ಬಡಿಯುತ್ತೆ, ಸೆಕೆಂಡಿಗೆ ಎಂಟು. ಆದರೆ ಅಗ್ಗದ ಆಟೋಮ್ಯಾಟಿಕ್ ಮೆಷಿನ್ನಿನ ಮುಳ್ಳೂ ಜಾರಿಕೊಂಡೇ ಹೋಗುತ್ತೆ. ತಾರೀಖಿನ ಮೇಲಿನ ಬೂದುಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸಬೇಕು ಅಂತಾರೆ. ಅದನ್ನೂ ಕಲಿತಿದ್ದಾರೆ. ಗಾಜಿನ ಮೇಲೆ ನೀರಿನ ಹನಿ ಬಿಡುವುದು, ಕೈಯಲ್ಲಿ ತೂಕ ನೋಡುವುದು, ಇವೆಲ್ಲ ಕಲ್ಲಂಗಡಿ ಹಣ್ಣು ಬಡಿದು ನೋಡಿದ ಹಾಗೆ. ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ತಪ್ಪು.

ಈ ಗುರುತುಗಳಿಂದ ಒಂದು ಉಪಯೋಗ ಉಂಟು. ಗುರುತು ಸರಿ ಇದ್ದರೆ ಅಸಲಿ ಅಂತ ಹೇಳಲಾಗದು, ತಪ್ಪಿದ್ದರೆ ಮಾತ್ರ ಅನುಮಾನ ಪಡಬಹುದು. ಮುಖದೊಳಗೆ ಮೂರು ಪುಟ್ಟ ಮುಖ ಇರುವ ವಾಚು ಸಿಕ್ಕರೆ ಪಕ್ಕದ ಗುಂಡಿ ಒತ್ತಿ. ಪುಟ್ಟ ಮುಳ್ಳುಗಳು ಅಲ್ಲಾಡದೆ ಬರೀ ಪೇಂಟಿನ ಹಾಗೆ ಕೂತಿದ್ದರೆ ಮುಂದಿನ ಮಾತು ಬೇಡ. ಅಕ್ಷರದ ಅಂಚು ಮಸುಕಾಗಿದ್ದರೆ, ಕಂಪನಿ ಹೆಸರಿನ ಸ್ಪೆಲ್ಲಿಂಗೇ ತಪ್ಪಿದ್ದರೆ, ಆಗಲೂ ಬೇಡ.

ಅಸಲಿ ಗೊತ್ತಾಗುವುದು ಎರಡೇ ಕಡೆ. ಒಂದು, ಹಿಂಬದಿ ಬಿಚ್ಚಿದಾಗ ಒಳಗಿನ ಮೆಷಿನ್ನಿನಲ್ಲಿ. ಇನ್ನೊಂದು, ಬಿಲ್ಲಿನಲ್ಲಿ.

ಬಿಲ್ಲಿನ ವಿಷಯಕ್ಕೆ ಬಂದರೆ ನಮ್ಮ ಜನರ ತಲೆಯೊಳಗೆ ಇನ್ನೂ ಹಳೇ ಕಾಲ ಓಡುತ್ತಿದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹೊರದೇಶದ ವಾಚು ತರಿಸಲು ನಿರ್ಬಂಧ ಇತ್ತು. ಅಸಲಿ ಸ್ವಿಸ್ ವಾಚು ಕಳ್ಳಮಾಲಾಗಿಯೋ, ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲೋ ಬರಬೇಕಿತ್ತು. ಆಗ ಬಿಲ್ಲಿಲ್ಲ ಅನ್ನುವುದೇ ಅಸಲಿಯ ಲಕ್ಷಣ! 1991ರ ನಂತರ ಬಾಗಿಲು ಒಂದೊಂದಾಗಿ ತೆರೆಯಿತು. ಈಗ ಆ ಕಂಪನಿಗಳಿಗೆಲ್ಲ ಬೆಂಗಳೂರಿನಲ್ಲಿ ಅಧಿಕೃತ ಅಂಗಡಿಗಳಿವೆ. ಕಾಲ ಹೋಯಿತು, "ದುಬೈ ಮಾಲು" ಅನ್ನುವ ಮಾತು ಉಳಿಯಿತು. ನಾನು 9,500 ಕೊಟ್ಟದ್ದು ಆ ಮಾತಿಗೆ.

ಇಂಥ ಹೆಸರುಗಳ ಮೋಹವೂ ಹೆಚ್ಚಾಗಿದೆ. 2016ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹ್ಯೂಬ್ಲೋ ವಾಚಿನ ಗಲಾಟೆ ನೆನಪಿರಬೇಕು. ಸ್ನೇಹಿತರು ಕೊಟ್ಟ ಉಡುಗೊರೆ ಅಂತ ಅವರು ಹೇಳಿದರು, ಕೊನೆಗೆ ಮಾರ್ಚಿನಲ್ಲಿ ಸದನದಲ್ಲೇ ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. ಅಲ್ಲಿಯವರೆಗೆ ಶಿರಾ ಬಸ್ ಸ್ಟ್ಯಾಂಡಿನಲ್ಲಿ ಹ್ಯೂಬ್ಲೋ ಅಂದರೆ ಯಾವುದೋ ಮಾತ್ರೆ ಅಂದುಕೊಳ್ಳುತ್ತಿದ್ದರು. ಈಗ ಕಾಲೇಜು ಹುಡುಗರ ಬಾಯಲ್ಲೂ ಆ ಹೆಸರು.

ಲೆಕ್ಕ ಹಾಕಿ ನೋಡಿ. ಹೊಸ ರೋಲೆಕ್ಸ್ ಅಂದರೆ ಐದಾರು ಲಕ್ಷದ ಈಚೆಗೆ ಸಿಗುವುದಿಲ್ಲ. ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ರೈತರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತಾಗಿತ್ತು. ಆ ಲೆಕ್ಕದಲ್ಲಿ ಒಂದು ರೋಲೆಕ್ಸಿಗೆ ಹತ್ತಿರ ಹತ್ತಿರ ಮೂವತ್ತು ಎಕರೆಯ ಒಂದು ವರ್ಷದ ಗುತ್ತಿಗೆ. ಅದನ್ನು ಯಾರೋ ಪುಣ್ಯಾತ್ಮ ಬಸ್ ಸ್ಟ್ಯಾಂಡಿನಲ್ಲಿ ನಿಮಗೇ ಅಂತ ಆರು ಸಾವಿರಕ್ಕೆ ಕೊಡುತ್ತಾನೆಯೇ?

ಜಾತ್ರೆಯಲ್ಲಿ ಇನ್ನೂರೈವತ್ತಕ್ಕೆ ಸಿಗುವ ರೋಲೆಕ್ಸಿನ ಬಗ್ಗೆ ನನ್ನ ತಕರಾರಿಲ್ಲ. ಶನಿಮಹಾತ್ಮನ ದರ್ಶನಕ್ಕೆ ಪಾವಗಡಕ್ಕೆ ಬಂದವರು ಮಗುವಿನ ಕೈಗೆ ಒಂದು ಕಟ್ಟಿಕೊಂಡು ಹೋದರೆ ಅದು ಆಟಿಕೆ, ಕೊಂಡವನಿಗೂ ಗೊತ್ತು, ಮಾರಿದವನಿಗೂ ಗೊತ್ತು. ಅಪಾಯ ಇರುವುದು ನಾಲ್ಕು ಸಾವಿರದಿಂದ ಹದಿನೈದು ಸಾವಿರದ ನಡುವೆ. "ಫಸ್ಟ್ ಕಾಪಿ", "ಮಾಸ್ಟರ್ ಕಾಪಿ" ಅನ್ನುವ ಹೆಸರಿನಲ್ಲಿ ಫೋನಿನಲ್ಲೇ ಚಿತ್ರ ತೋರಿಸಿ ಮಾರುತ್ತಾರೆ. ಅದೇ ದುಡ್ಡಿಗೆ ಟೈಟಾನಿನದ್ದೋ, ಕ್ಯಾಸಿಯೋದ್ದೋ ಅಸಲಿ ವಾಚು ಬಿಲ್ಲು ವಾರಂಟಿ ಸಮೇತ ತುಮಕೂರಿನಲ್ಲೇ ಸಿಗುತ್ತದೆ.

ಫ್ಯಾನ್ಸಿ ಸ್ಟೋರ್ ಇಟ್ಟಿರುವ ಅಣ್ಣಂದಿರಿಗೂ ಒಂದು ಮಾತು. ಇನ್ನೊಬ್ಬರ ಮಾರ್ಕು ಹಾಕಿದ ನಕಲಿ ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ ಇದೆ. "ಕಾಪಿ ಅಂತ ಹೇಳಿಯೇ ಮಾರಿದೆ" ಅಂದರೆ ಬಚಾವಾಗುವುದು ಕಷ್ಟ. ಡಜನ್ನಿಗೆ ಸಿಗುವ ಲಾಭ ನೋಡಿ ಮಾಲು ಇಳಿಸಿಕೊಳ್ಳುವ ಮುಂಚೆ ಯೋಚನೆ ಮಾಡಿ.

ಇನ್ನು ಚಿಕ್ಕಪ್ಪನ ಮನೆಯ ಕಥೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಟ್ರಂಕು ತೆಗೆದು, ತಮ್ಮ ಮದುವೆಯಲ್ಲಿ ಮಾವ ಕಟ್ಟಿದ ಎಚ್‌ಎಂಟಿ ಕೊಹಿನೂರ್ ವಾಚನ್ನು ತೆಗೆದುಕೊಂಡು ಮಧುಗಿರಿ ಯಜಮಾನರ ಹತ್ತಿರ ಬಂದರು. ಇಪ್ಪತ್ತು ವರ್ಷ ಮುಟ್ಟಿರಲಿಲ್ಲ. ಹಿಂಬದಿ ಬಿಚ್ಚಿದರು. ಒಳಗೆ ಎಚ್‌ಎಂಟಿ ಅಂತ ಕೆತ್ತಿದ ಮೆಷಿನ್ನು, 17 ಜ್ಯೂಯೆಲ್ಸ್. ಜ್ಯೂಯೆಲ್ ಅಂದರೆ ಅಲಂಕಾರದ ಹರಳಲ್ಲ, ಚಕ್ರದ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಪುಟ್ಟ ಬಿಲ್ಲೆ. ಒಣಗಿದ್ದ ಎಣ್ಣೆ ತೊಳೆದು, ಹೊಸ ಹನಿ ಹಾಕಿ, ಕೀ ಕೊಟ್ಟರು. ಓಡಿತು. ಕೂಲಿ 350 ರೂಪಾಯಿ. ಅದನ್ನೇ ಅಳಿಯನಿಗೆ ಕೊಟ್ಟರು. ಹುಡುಗ ಒಳ್ಳೆಯವನು, ಕಟ್ಟಿಕೊಂಡ.

ಆ ವಾಚು ಮಾಡಿದ ಕಂಪನಿ ನಮ್ಮದೇ ಜಿಲ್ಲೆಯಲ್ಲೂ ಇತ್ತು. ಜಪಾನಿನ ಸಿಟಿಜನ್ ಕಂಪನಿಯಿಂದ ವಿದ್ಯೆ ಕಲಿತು ಬೆಂಗಳೂರಿನಲ್ಲಿ ಶುರುಮಾಡಿದ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಜನತಾ, ಪೈಲಟ್, ಸೋನಾ, ಕಾಂಚನ್, ಒಂದೊಂದಕ್ಕೂ ಜನ ಕಾದು ನಿಂತಿದ್ದರು. ಟೈಟಾನ್ ಬಂತು, ಸೆಲ್ಲಿನ ವಾಚು ಬಂತು, ಮೊಬೈಲು ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು.

ಮುಚ್ಚಿದ ಮೇಲೆ ಎಚ್‌ಎಂಟಿಗೆ ಬೆಲೆ ಬಂತು! ಬೆಲೆ ಬಂದಮೇಲೆ ನಕಲಿಯೂ ಬಂತು. ನಾನು ಬುದ್ಧಿ ಕಲಿತೆ ಅಂದುಕೊಂಡು, ಚಿಕ್ಕಪ್ಪನಿಗೆ ಒಂದು ವಾಚು ತಂದುಕೊಟ್ಟು ಸಾಲ ತೀರಿಸೋಣ ಅಂತ, "ಹೊಚ್ಚ ಹೊಸ ಹಳೇ ಸ್ಟಾಕು" ಅಂತ ಹಾಕಿದ್ದ ಎಚ್‌ಎಂಟಿ ಪೈಲಟ್ ಒಂದನ್ನು ಫೋನಿನಲ್ಲಿ ನೋಡಿ 1,800ಕ್ಕೆ ತರಿಸಿದೆ. ಯಜಮಾನರು ಬಿಚ್ಚಿ ನೋಡಿ ನಕ್ಕರು. ಮೆಷಿನ್ನು ಅಸಲಿಯೇ, ಗುಜರಿ ವಾಚಿನದು, ತುಕ್ಕು ಹಿಡಿದದ್ದು. ಮುಖಕ್ಕೆ ಹೊಸ ಬಣ್ಣ ಬಳಿದು, ಅಕ್ಷರ ಅಚ್ಚು ಹಾಕಿ, ಅಗ್ಗದ ಕೇಸಿನೊಳಗೆ ಅಂಟಿಸಿ ಕೂರಿಸಿದ್ದರು. ವಾಚು ಕೂಡಿಡುವ ಹವ್ಯಾಸಿಗಳು ಇಂಥದ್ದಕ್ಕೆ "ಮುಂಬಯಿ ಸ್ಪೆಷಲ್" ಅಂತಲೇ ಹೆಸರಿಟ್ಟಿದ್ದಾರೆ. ಪೈಲಟ್ ಅಂದರೆ ಕಪ್ಪು ಮುಖದ ವಾಚು. ಕೇಸರಿ, ಗಿಳಿಹಸಿರು ಬಣ್ಣದಲ್ಲಿ, ವಿಮಾನದ ಚಿತ್ರ ಹಾಕಿದ್ದು ಕಂಡರೆ ದೂರ ಇರಿ. ಅಸಲಿ ಮುಖ ಹೇಗಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿ ಬನ್ನಿ, ಹಳೇ ವಾಚುಗಳನ್ನೆಲ್ಲ ಜೋಡಿಸಿಟ್ಟಿದ್ದಾರೆ.

ದೊಡ್ಡ ವಾಚು ಕೊಳ್ಳುವ ಯೋಗ ಇರುವವರೂ ನಮ್ಮ ಓದುಗರಲ್ಲಿ ಇರಬಹುದು. ವಾಚಿನ ಸೀರಿಯಲ್ ನಂಬರು ಬಿಲ್ಲಿನಲ್ಲಿ ಬರೆದಿರಬೇಕು, ವಾರಂಟಿ ಕಾರ್ಡಿನಲ್ಲೂ ಅದೇ ಇರಬೇಕು. ಎರಡು ಲಕ್ಷ ಮೀರಿದ ವ್ಯಾಪಾರಕ್ಕೆ ಪ್ಯಾನ್ ನಂಬರು ಕೊಡಲೇಬೇಕು. "ಪ್ಯಾನ್ ಬೇಡ, ಪೂರಾ ಕ್ಯಾಶ್ ಕೊಡಿ" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮುಂಚೆ ಹಿಂಬದಿ ಬಿಚ್ಚಿಸಿ ನೋಡಿ. ಒಪ್ಪದವನ ಹತ್ತಿರ ಕೊಳ್ಳಬೇಡಿ. ಮೋಸ ಹೋದರೆ 1915ಕ್ಕೆ ಫೋನು ಮಾಡಬಹುದು, ತುಮಕೂರಿನ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಐದು ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ. ನಾನು ಹೋಗಲಿಲ್ಲ, ತೋರಿಸಲು ಏನಿತ್ತು?

ಗಲ್ಲಿಯ ಅಂಗಡಿಗೆ ಮಾತ್ರ ಒಂದು ಸಲ ಹೋಗಿದ್ದೆ. ಆ ಗಾಜಿನ ಪೆಟ್ಟಿಗೆ ಇರಲಿಲ್ಲ, ಮೊಬೈಲ್ ಕವರ್ ಮಾರುವ ಹುಡುಗನೊಬ್ಬ ಕೂತಿದ್ದ. ರಾಡೋ ನನ್ನ ಆಫೀಸಿನ ಮೇಜಿನ ಡ್ರಾಯರಿನಲ್ಲಿದೆ. ಟೈಮು ಹತ್ತೂ ಇಪ್ಪತ್ತಕ್ಕೆ ನಿಂತಿದೆ. ಅಲ್ಲಾಡಿಸಿದರೆ ಲಂಗರು ಈಗಲೂ ತಿರುಗುತ್ತದೆ.