ಮಲ್ಲಿಗೆಗೆ ವಾಸನೆ ಇರಬಾರದೇ?

ಅಣ್ಣನ ಮಗಳ ಕನ್ನಡ ನೋಟ್‌ಬುಕ್ ತೆರೆದಿತ್ತು. ‘ಅಜ್ಜಿ ಇಂಗಿನ ಒಗ್ಗರಣೆ ಹಾಕಿದರೆ ವಾಸನೆ ಬೀದಿ ತನಕ ಬರುತ್ತದೆ’ ಎಂದು ಬರೆದಿದ್ದಳು. ‘ವಾಸನೆ’ಗೆ ಕೆಂಪು ಸುತ್ತು, ಮೇಲೆ ‘ಪರಿಮಳ’ ಎಂಬ ತಿದ್ದುಪಡಿ, ಅರ್ಧ ಅಂಕ ಕಡಿತ. “ವಾಸನೆ ಅಂದ್ರೆ ಕೆಟ್ಟದ್ದು ಚಿಕ್ಕಪ್ಪ, ಮಿಸ್ ಹೇಳಿದ್ದಾರೆ” ಎಂದಳು.

ಮಿಸ್ ಒಬ್ಬರನ್ನೇ ಅಂದು ಫಲವಿಲ್ಲ, ಚೆನ್ನಾಗಿ ಓದಿಕೊಂಡವರೂ ಹೀಗೇ ನಂಬಿದ್ದಾರೆ. ವಾಸನೆಯೇ ಕೆಟ್ಟದ್ದಾದರೆ ‘ದುರ್ವಾಸನೆ’ ಎಂಬ ಮಾತು ಯಾಕೆ ಬೇಕಿತ್ತು? ಕೊಳೆತದ್ದಕ್ಕೆ ‘ಸು’ ಹಚ್ಚಿ ‘ಸುವಾಸನೆ’ ಮಾಡಿದರೋ? ಸಂಸ್ಕೃತದಲ್ಲಿ ಈ ಪದದ ಹಿಂದಿರುವುದು ಕಂಪು ಹಿಡಿಸುವ ಕೆಲಸ. ಎಳ್ಳಿನ ನಡುವೆ ಹೂವಿಟ್ಟು, ಆಮೇಲೆ ಹೂ ತೆಗೆದರೂ ಎಣ್ಣೆಯಲ್ಲಿ ಹೂವು ಉಳಿಯುತ್ತದಲ್ಲ, ಅದು ವಾಸನೆ. ‘ಪೂರ್ವಜನ್ಮದ ವಾಸನೆ’ ಎನ್ನುವುದೂ ಅದೇ ಅರ್ಥದಲ್ಲಿ. ಹೋದ ಜನ್ಮದ ಬೆವರಿನ ಲೆಕ್ಕವಲ್ಲ ಅದು.

ಹಾಗಾದರೆ “ಹಾಲು ವಾಸನೆ ಬಂದಿದೆ” ಎಂದರೆ ಯಾರೂ ಕುಡಿಯುವುದಿಲ್ಲ ಯಾಕೆ? ನಿಜ, ಅಲ್ಲಿ ಮಾತು ಕೆಟ್ಟದ್ದರ ಕಡೆಗೇ ವಾಲುತ್ತದೆ. ಆದರೆ ಗಮನಿಸಿ: ‘ಏನೋ ವಾಸನೆ’ ಎಂದಾಗ ಮೂಗು ಮುಚ್ಚುತ್ತೇವೆ, ‘ಮಲ್ಲಿಗೆ ವಾಸನೆ’ ಎಂದಾಗ ಮೂಗು ಅರಳಿಸುತ್ತೇವೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಮನಸೋಲದವರಿಲ್ಲ. ವಾಸನೆ ಯಾವುದರದು ಎಂದು ಹೇಳಿಬಿಟ್ಟರೆ ಪದದ ಮೇಲಿನ ಅನುಮಾನ ತಾನೇ ಕಳೆಯುತ್ತದೆ. ಒಗ್ಗರಣೆಯದೆಂದು ಹುಡುಗಿ ಹೇಳಿಯೇ ಇದ್ದಳು.

ಇನ್ನು ಆ ‘ಪರಿಮಳ’. ಅಮರಕೋಶದ ಪ್ರಕಾರ ಅದು ಉಜ್ಜಿದಾಗ, ತಿಕ್ಕಿದಾಗ ಏಳುವ ಮನೋಹರ ಗಂಧ. ಅಷ್ಟು ಶಾಸ್ತ್ರ ನೋಡುವುದಾದರೆ ಇಂಗಿನ ಒಗ್ಗರಣೆಗೆ ಅದೂ ಸಲ್ಲದು!

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ‘ನಾತ’ ಹುಟ್ಟಿನಿಂದಲೇ ಹೊಲಸು ಪದವಲ್ಲ. ಧನುರ್ಮಾಸದಲ್ಲಿ ಮೇಲುಕೋಟೆಯಲ್ಲೂ ಕೇಳಿಬರುವ ಆಂಡಾಳ್ ತಿರುಪ್ಪಾವೈಯಲ್ಲಿ ನಾರಾಯಣನ ಮುಡಿಯ ತುಳಸಿಗೆ ಸಂದ ವಿಶೇಷಣ ಇದರ ತಮಿಳು ಬಂಧುವೇ. ‘ಕಂಪು’ ಎಲ್ಲೆಲ್ಲೂ ಕಂಪೇ ಎಂದು ತಿಳಿಯಬೇಡಿ. ಗಡಿ ದಾಟಿದರೆ ತೆಲುಗಿನಲ್ಲಿ ಅದು ಗಬ್ಬು ನಾತ, ಹೊಗಳುವ ಮುಂಚೆ ಎಚ್ಚರ. ‘ಗಂಧ’ ಎಂದರೆ ಶ್ರೀಗಂಧವೇ ಎನ್ನುವವರು ‘ಗಂಧಕ’ವನ್ನು ನೆನೆಯಲಿ. ಸುಗಂಧ, ಘಮ ಎಲ್ಲ ಒಂದೇ ಎನ್ನುವವರು ಅಡುಗೆಮನೆಗೆ ಹೋಗಿ “ಹುಳಿಯ ಸುಗಂಧ ಚೆನ್ನಾಗಿದೆ” ಎಂದು ಹೇಳಿ ನೋಡಲಿ.

ನನ್ನ ತಕರಾರು ಒಂದು ಪದದ್ದಲ್ಲ. ಯಾರೋ ಗಟ್ಟಿಯಾಗಿ “ಅದು ತಪ್ಪು” ಎಂದರೆ ಸಾಕು, ಹುಟ್ಟಿನಿಂದ ಆಡಿದ ಮಾತನ್ನೇ ನಾಚಿಕೆಯಿಂದ ನುಂಗಿಕೊಳ್ಳುತ್ತೇವೆ. ‘ವಾಸನೆ ಎನ್ನಬೇಡಿ’ ಎಂಬ ವಾಟ್ಸ್‌ಆ್ಯಪ್ ಉಪದೇಶವನ್ನು ಹತ್ತು ಜನಕ್ಕೆ ದಾಟಿಸುವ ಕೈ ನಿಘಂಟಿನ ಒಂದು ಪುಟ ತಿರುವುವುದಿಲ್ಲ. ಹುಡುಗಿಯೂ ಕಲಿತದ್ದು ಅದನ್ನೇ: ಮೂಗನ್ನಲ್ಲ, ಕೆಂಪು ಇಂಕನ್ನು ನಂಬಬೇಕು.

ಅಷ್ಟರಲ್ಲಿ ಒಳಗಿಂದ ಅಜ್ಜಿ ಕೂಗಿದರು: “ಬೆಣ್ಣೆ ಕಾಯೋಕಿಟ್ಟಿದ್ದೆ, ತುಪ್ಪದ ವಾಸನೆ ಬಂತೇನೇ?”

“ಬಂತಜ್ಜಿ” ಎಂದು ಓಡಿದಳು. ನೋಟ್‌ಬುಕ್ ಅಲ್ಲೇ ಬಿದ್ದಿತ್ತು.