ಒಂದೇ ದುಡ್ಡು, ಎರಡು ಕಾಡು

ಕಳೆದ ಸಲ ಲಾಂಗ್ ವೀಕೆಂಡ್ ಸಿಕ್ಕಾಗ ಆಫೀಸಿನ ಆರು ಜನ ಸೇರಿ ಕೇರಳದ ತೇಕ್ಕಡಿಗೆ ಹೋಗಿದ್ದೆವು. ಪೆರಿಯಾರ್ ಕಾಡಿನೊಳಗೆ ಒಂದಿಷ್ಟು ನಡಿಗೆ, ಆಮೇಲೆ ಬಿದಿರಿನ ತೆಪ್ಪ. ನಮ್ಮ ಜೊತೆ ಬಂದ ಗೈಡ್ ಐವತ್ತೈದು ದಾಟಿದವರು. ಹೆಜ್ಜೆ ಗುರುತು ನೋಡಿ ಆನೆ ಯಾವ ಕಡೆ ಹೋಗಿದೆ ಅಂತ ಹೇಳುತ್ತಿದ್ದರು. "ಇಷ್ಟೆಲ್ಲ ಎಲ್ಲಿ ಕಲಿತ್ರಿ?" ಅಂತ ತಮಿಳು ಬಲ್ಲ ಗೆಳೆಯ ಕೇಳಿದ. ಅವರು ನಕ್ಕು, "ಕದಿಯೋವಾಗ" ಅಂದರು.

ತಮಾಷೆ ಅಂದುಕೊಂಡೆವು. ನಿಜವಾಗಿತ್ತು. ನಮ್ಮ ಪಲಾವಿಗೆ ಹಾಕುವ ಚಕ್ಕೆ ಇದೆಯಲ್ಲ, ಅದೇ ಜಾತಿಯ ಕಾಡುಮರದ ತೊಗಟೆಯನ್ನು ರಾತ್ರಿ ಸುಲಿದು ಸಾಗಿಸುತ್ತಿದ್ದ ಗುಂಪಿನಲ್ಲಿ ಅವರೂ ಇದ್ದರಂತೆ. ಈಗ ಅದೇ ಕಾಡಿಗೆ ಕಾವಲು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಇದು ಹೇಗಾಯ್ತು ಅಂತ ಓದುತ್ತಾ ಕೂತೆ. ಓದುತ್ತಾ ಹೋದ ಹಾಗೆ ನಮ್ಮ ನಾಗರಹೊಳೆಯ ಹೆಸರು ಎದುರಾಯಿತು. ಅಲ್ಲಿಂದ ಕಥೆ ಬೇರೆಯೇ ದಾರಿ ಹಿಡಿಯಿತು.

ಏಳು ಕಾಡಿಗೆ ಒಂದು ಯೋಜನೆ

1996ರಲ್ಲಿ 'ಇಂಡಿಯಾ ಇಕೋ ಡೆವಲಪ್‌ಮೆಂಟ್ ಪ್ರಾಜೆಕ್ಟ್' ಅನ್ನೋ ದೊಡ್ಡ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಒಟ್ಟು ಸುಮಾರು 6.7 ಕೋಟಿ ಡಾಲರ್. ಅದರಲ್ಲಿ 2.8 ಕೋಟಿ ವಿಶ್ವ ಬ್ಯಾಂಕ್ ಸಮೂಹದ ಸಾಲ, 2 ಕೋಟಿ ಜಾಗತಿಕ ಪರಿಸರ ನಿಧಿಯ ಅನುದಾನ. ದೇಶದ ಏಳು ಕಾಡುಗಳನ್ನು ಆರಿಸಿದ್ದರು: ಬಕ್ಸಾ, ಗಿರ್, ಪಲಾಮು, ಪೆಂಚ್, ರಣಥಂಬೋರ್, ಪೆರಿಯಾರ್ ಮತ್ತು ನಾಗರಹೊಳೆ.

ಯೋಚನೆ ಸರಳ. ಕಾಡಂಚಿನ ಜನ ಸೌದೆಗೆ, ಮೇವಿಗೆ, ಹೊಟ್ಟೆಪಾಡಿಗೆ ಕಾಡನ್ನು ನೆಚ್ಚಿಕೊಂಡಿದ್ದಾರೆ. ಅವರಿಗೆ ಬೇರೆ ಆದಾಯ ಕೊಡಿ, ಪ್ರತಿಯಾಗಿ ಕಾಡು ಕಾಯುವ ಮಾತು ತಗೊಳ್ಳಿ. ಅದಕ್ಕಾಗಿ ಊರೂರಲ್ಲಿ ಪರಿಸರ ಅಭಿವೃದ್ಧಿ ಸಮಿತಿ. ಒಂದೇ ಯೋಜನೆ, ಒಂದೇ ನಿಯಮ, ಒಂದೇ ದುಡ್ಡು. ಆದರೆ ಎರಡು ಕಾಡಿನಲ್ಲಿ ಎರಡು ಫಲ.

ಪೆರಿಯಾರ್: ಕಳ್ಳರೇ ಕಾವಲಿಗೆ

ಪೆರಿಯಾರ್‌ನಲ್ಲಿ ಅರಣ್ಯಾಧಿಕಾರಿಗಳು ಮೊದಲು ಮಾಡಿದ ಕೆಲಸ ಕೇಳುವುದು. ಮನ್ನಾನ್ ಮತ್ತು ಪಳಿಯನ್ ಬುಡಕಟ್ಟಿನ ರೈತರು ಮೆಣಸು ಬೆಳೆಯುತ್ತಿದ್ದರು. ಆದರೆ ಬೆಳೆ ಕೈಗೆ ಬರುವ ಮೊದಲೇ ಸಾಲ ಕೊಟ್ಟ ವ್ಯಾಪಾರಿಗಳ ಪಾಲಾಗುತ್ತಿತ್ತು. ಸಮಿತಿಯ ಹಣದಿಂದ ಆ ಸಾಲ ತೀರಿಸಿ, ಮೆಣಸನ್ನು ಒಟ್ಟಿಗೆ ಮಾರುವ ವ್ಯವಸ್ಥೆ ಮಾಡಿದರು. ಹೊಲಿಗೆ ಯಂತ್ರ ಹಂಚಿ ಫೋಟೋ ತೆಗೆಸಿಕೊಳ್ಳೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಚಕ್ಕೆ ಕದಿಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಶರಣಾದಾಗ ಅವರದೇ ಒಂದು ಸಮಿತಿ ಆಯಿತು. ಕಳ್ಳದಾರಿಗಳೆಲ್ಲ ಅವರಿಗೆ ಬಾಯಿಪಾಠ. ಹಗಲು ಪ್ರವಾಸಿಗರನ್ನು ಕರೆದುಕೊಂಡು ಹೋಗುವುದು, ರಾತ್ರಿ ಇಲಾಖೆಯವರ ಜೊತೆ ಗಸ್ತು. ಕುಮಳಿಯ ಹೆಂಗಸರು 2002ರಲ್ಲಿ 'ವಸಂತ ಸೇನೆ' ಅಂತ ಕಟ್ಟಿಕೊಂಡು, ಸರದಿಯ ಮೇಲೆ ಸಂಬಳವಿಲ್ಲದೆ ಕಾಡು ಸುತ್ತತೊಡಗಿದರು.

ನನಗೆ ಮುಖ್ಯ ಅನಿಸಿದ್ದು ಮುಂದಿನ ಭಾಗ. 2004ರಲ್ಲಿ ಯೋಜನೆ ಮುಗಿಯಿತು. ನಮ್ಮ ಕೆಲಸದಲ್ಲೂ ಇದು ಗೊತ್ತಿರೋ ವಿಷಯ: ಸಾಫ್ಟ್‌ವೇರ್ ಕಟ್ಟೋಕೆ ಬಜೆಟ್ ಸಿಗುತ್ತೆ, ಅದನ್ನು ವರ್ಷಗಟ್ಟಲೆ ನಡೆಸೋಕೆ ಯಾರೂ ಕೊಡಲ್ಲ. ಕಾಡಿನ ಯೋಜನೆಗಳೂ ಹೀಗೇ ಸಾಯುತ್ತವೆ. ದುಡ್ಡು ನಿಂತ ಮರುದಿನ ಸಮಿತಿಯ ಬೋರ್ಡ್ ಮಾತ್ರ ಉಳಿಯುತ್ತದೆ. ಪೆರಿಯಾರ್‌ನವರು ಅದೇ ವರ್ಷ 'ಪೆರಿಯಾರ್ ಫೌಂಡೇಶನ್' ಹುಟ್ಟುಹಾಕಿದರು. ಪ್ರವಾಸಿಗರ ಪ್ರವೇಶ ಶುಲ್ಕದ ಮೇಲೆ ಒಂದು ಸಣ್ಣ ಸರ್‌ಚಾರ್ಜ್. ಅದು ಖಜಾನೆಗೆ ಹೋಗಿ ಕಳೆದುಹೋಗದೆ ಫೌಂಡೇಶನ್ನಿಗೆ ಬಂದು, ಸಮಿತಿಗಳ ಮತ್ತು ಸಂರಕ್ಷಣೆಯ ಕೆಲಸಕ್ಕೆ ಬಳಕೆಯಾಗುತ್ತದೆ. ಈ ಮಾದರಿ ಎಷ್ಟು ಹಿಡಿಸಿತೆಂದರೆ, 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇಂಥ ಪ್ರತಿಷ್ಠಾನ ಇರಬೇಕು ಅಂತ ಮಾಡಿದರು.

ನಾಗರಹೊಳೆ: ಕೇಳದೇ ಬಂದ ದುಡ್ಡು

ಈಗ ನಮ್ಮ ಕಡೆ ಬನ್ನಿ. ನಾಗರಹೊಳೆಯ ಒಳಗೆ ಜೇನು ಕುರುಬರು, ಬೆಟ್ಟ ಕುರುಬರು, ಯರವರು ತಲೆಮಾರುಗಳಿಂದ ಹಾಡಿಗಳಲ್ಲಿ ಬದುಕಿದವರು. ರಾಷ್ಟ್ರೀಯ ಉದ್ಯಾನ ಆದ ಮೇಲೆ ಸಾವಿರಾರು ಜನ ಹೊರಗೆ ಬಿದ್ದರು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಯೋಜನೆ ಬಂದಾಗ ಒಳಗಿದ್ದವರು ಕೇಳಿದ್ದು ಹೊಲಿಗೆ ಯಂತ್ರವನ್ನಲ್ಲ, ಇರುವ ಹಕ್ಕನ್ನು. ಯೋಜನೆಯ ಕಾಗದದಲ್ಲಿ ಇದ್ದದ್ದು 'ಸ್ವಇಚ್ಛೆಯ ಸ್ಥಳಾಂತರ'.

ಅದೇ ಹೊತ್ತಿನಲ್ಲಿ ಉದ್ಯಾನದ ಒಳಗೇ ಒಂದು ದೊಡ್ಡ ಹೋಟೆಲ್ ಸಂಸ್ಥೆಗೆ ರೆಸಾರ್ಟ್ ಮಾಡಲು ಗುತ್ತಿಗೆ ಸಿಕ್ಕಿತ್ತು. ಗುಡಿಸಲು ತೆಗೀರಿ, ಹೋಟೆಲ್ ಬರಲಿ ಅಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಅಂದಿತು.

1998ರಲ್ಲಿ ನಾಗರಹೊಳೆಯ ಬುಡಕಟ್ಟು ಸಂಘಟನೆ ವಿಶ್ವ ಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ ನೇರವಾಗಿ ದೂರು ಕೊಟ್ಟಿತು. 'ನಮ್ಮನ್ನು ಕೇಳದೇ ನಮ್ಮ ಬಗ್ಗೆ ಯೋಜನೆ ಮಾಡಿದ್ದೀರಿ' ಅನ್ನೋದು ಅದರ ಸಾರಾಂಶ. ಪೂರ್ತಿ ತನಿಖೆ ಆಗಬೇಕು ಅಂತ ಪ್ಯಾನೆಲ್ ಶಿಫಾರಸು ಮಾಡಿತು. ಬ್ಯಾಂಕಿನ ಮಂಡಳಿ ಒಪ್ಪಲಿಲ್ಲ. ಹಾಡಿಯವರ ಜೊತೆ ಕೂತು ಯೋಜನೆ ಮಾಡಿ ಅನ್ನುವಲ್ಲಿಗೆ ಮುಗಿಯಿತು.

ಅದು ನಿಜವಾಗಿ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಐವತ್ತಕ್ಕೂ ಹೆಚ್ಚು ಜೇನು ಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಯ ಜಾಗಕ್ಕೆ ವಾಪಸ್ ನಡೆದು, ಗುಡಿಸಲು ಹಾಕಿ ಕೂತವು. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಕೊಡಿ ಅನ್ನೋದು ಬೇಡಿಕೆ.

ಹೋಲಿಸುವಾಗ ಒಂದು ಮಾತು ನೆನಪಿಡಬೇಕು. ಪೆರಿಯಾರ್‌ನ ಬುಡಕಟ್ಟಿನವರು ಯೋಜನೆ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಕಾಡಿನಿಂದ ಹೊರಗೆ ನೆಲೆಸಿದ್ದರು. ಅವರಿಗೆ ಬೇಕಿದ್ದದ್ದು ಆದಾಯ. ನಾಗರಹೊಳೆಯವರಿಗೆ ಬೇಕಿದ್ದದ್ದು ನೆಲ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಒಬ್ಬರಿಗೆ ಮಾತ್ರ ಹತ್ತುತ್ತದೆ.

ಹಾಗಂತ ಪೆರಿಯಾರ್ ಸಂಪೂರ್ಣ ಅಂತಲೂ ಅಲ್ಲ. ಸಮಿತಿಯ ಅಧ್ಯಕ್ಷರು ಊರಿನವರಾದರೂ ಕಾರ್ಯದರ್ಶಿ ಅರಣ್ಯ ಇಲಾಖೆಯವರು. ಪ್ರತಿಷ್ಠಾನದ ಚುಕ್ಕಾಣಿಯೂ ಸರ್ಕಾರದ ಕೈಯಲ್ಲೇ. ಒಳ್ಳೆ ಅಧಿಕಾರಿ ಇದ್ದರೆ ಸರಿ, ಇಲ್ಲದಿದ್ದರೆ? ಜನರಿಗೆ ಕೆಲಸ ಸಿಕ್ಕಿದೆ, ಕಾಡಿನ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಸಿಕ್ಕಿಲ್ಲ.

ಬಿಳಿಗಿರಿಯಲ್ಲಿ ಉಲ್ಟಾ

ಆ ಅಧಿಕಾರ ಸಿಕ್ಕ ಜಾಗವೂ ನಮ್ಮಲ್ಲೇ ಇದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶ ಆಯಿತು, ಅದೇ ವರ್ಷ ಅಲ್ಲಿನ 25 ಪೋಡುಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವ ಹಕ್ಕಿನ ಜೊತೆ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕೂ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ.

ಆದರೆ ಇಲ್ಲಿ ಇನ್ನೊಂದು ಕೊರತೆ. ಹಕ್ಕುಪತ್ರ ಕೊಡುವ ಕಾಯ್ದೆ ಅದನ್ನು ನಡೆಸೋಕೆ ಪ್ರತ್ಯೇಕ ನಿಧಿ ಇಟ್ಟಿಲ್ಲ. ಲಂಟಾನ ಕೀಳಬೇಕು, ಬೆಂಕಿ ಕಾಯಬೇಕು, ಸಭೆ ಸೇರಬೇಕು. ಕೂಲಿ ಬಿಟ್ಟು ಬಂದವರಿಗೆ ಯಾರು ಕೊಡ್ತಾರೆ? ಇನ್ನೊಂದು ಕಡೆ, ಹುಲಿ ಕಾಡಿನಿಂದ ಹೊರಬರುವ ಪ್ರತಿ ಕುಟುಂಬಕ್ಕೆ ಕೇಂದ್ರದ ಪ್ಯಾಕೇಜ್ 15 ಲಕ್ಷ ರೂಪಾಯಿ. ಹೊರಗೆ ಬರೋಕೆ ದರ ನಿಗದಿಯಾಗಿದೆ, ಒಳಗಿದ್ದು ಕಾಯೋಕೆ ಆಗಿಲ್ಲ.

ಒಂದು ಕಡೆ ದುಡ್ಡಿದೆ, ಹಕ್ಕಿಲ್ಲ. ಇನ್ನೊಂದು ಕಡೆ ಹಕ್ಕಿದೆ, ದುಡ್ಡಿಲ್ಲ. ಜಂಟಿ ನಿರ್ವಹಣೆ ಅನ್ನೋ ಮಾತಿಗೆ ಅರ್ಥ ಬರಬೇಕಾದರೆ ಎರಡೂ ಒಂದೇ ಕೈಗೆ ಸೇರಬೇಕು. ನೇಪಾಳದವರು 1990ರ ದಶಕದಲ್ಲೇ ರಾಷ್ಟ್ರೀಯ ಉದ್ಯಾನಗಳ ಆದಾಯದಲ್ಲಿ ಶೇ. 30ರಿಂದ 50ರಷ್ಟನ್ನು ಸುತ್ತಲಿನ ಜನರ ಅಭಿವೃದ್ಧಿಗೆ ಅಂತ ಕಾನೂನಿನಲ್ಲೇ ಬರೆದಿಟ್ಟರು. ಪಾಲು ಎಷ್ಟು ಅಂತ ಗೊತ್ತಿದ್ದರೆ ಕೇಳೋಕೆ ಬಾಯಿ ಬರುತ್ತೆ.

ನಮ್ಮ ಟಿಕೆಟ್ ಎಲ್ಲಿಗೆ?

ನಾವು ಮಾಡಬಹುದಾದ್ದು ಸಣ್ಣದೇ. ಸಫಾರಿ ಬುಕ್ ಮಾಡುವಾಗ 'ಇದರಲ್ಲಿ ಹಾಡಿಗೆ ಎಷ್ಟು ಹೋಗುತ್ತೆ?' ಅಂತ ಕೇಳಿ. ಗೊತ್ತಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಪ್ರತಿಷ್ಠಾನದ ಲೆಕ್ಕ ಕೇಳಬಹುದು, ಹತ್ತು ರೂಪಾಯಿ ಶುಲ್ಕ. ಸ್ಥಳೀಯ ಸಮಿತಿಯವರೇ ನಡೆಸುವ ನಡಿಗೆ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಬಿಳಿಗಿರಿಯ ಜೇನು ಸೋಲಿಗರ ಸಂಘದಿಂದಲೇ ಕೊಳ್ಳಿ.

ತೇಕ್ಕಡಿಯಲ್ಲಿ ತೆಪ್ಪ ದಡ ಸೇರುವಾಗ ಆ ಗೈಡ್‌ನ ಇನ್ನೊಂದು ಪ್ರಶ್ನೆ ಕೇಳಿದ್ದೆವು: ಮತ್ತೆ ಯಾವತ್ತೂ ಮರ ಸುಲಿಯೋಣ ಅನಿಸಲಿಲ್ವಾ? ಅವರು ಹೇಳಿದ್ದು ಇಷ್ಟೇ: "ಈಗ ಕದ್ದರೆ ನನ್ನ ಮನೇಲೇ ಕದ್ದ ಹಾಗೆ." ಜೇನು ಕುರುಬರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಕಾಡು ಅವರ ಮನೆ ಹೌದು ಅಂತ ನಾವು ಒಪ್ಪಿಕೊಂಡರೆ ಸಾಕು.